ಅಮ್ಮನ ಮಾತ್ರೆ ಇವತ್ತೇ ನಿಲ್ಲಿಸಬಹುದೇ?

ಸಾಗರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ತಾಯಿಗೆ 68 ವರ್ಷ. ತಂದೆ ತೀರಿಕೊಂಡಾಗ ನಿದ್ದೆಗೆಂದು ಬರೆದುಕೊಟ್ಟ ಆಲ್‌ಪ್ರಜೋಲಾಮ್ 0.5 ಮಿ.ಗ್ರಾಂ. ಮಾತ್ರೆಯನ್ನು ಮೂರು ವರ್ಷದಿಂದ ದಿನಾ ರಾತ್ರಿ ತೆಗೆದುಕೊಳ್ಳುತ್ತಿದ್ದಾರೆ. ಮಂಡಿನೋವಿಗೆ ಆಗೀಗ ಟ್ರಮಡಾಲ್ ಇರುವ ಮಾತ್ರೆ. ಈಚೆಗೆ ಮರೆವು ಹೆಚ್ಚಿದೆ. ನಡುರಾತ್ರಿ ಬಚ್ಚಲಿಗೆ ಹೋಗುವಾಗ ಒಮ್ಮೆ ಬಿದ್ದಿದ್ದಾರೆ. ‘ಅದು ಅಮಲಿನ ಮಾತ್ರೆ, ಇವತ್ತೇ ಎಸೆಯಿರಿ’ ಎನ್ನುತ್ತಾರೆ ನೆಂಟರು. ಎಸೆಯಲೇ?

ಸಂಪಾದಕರ ಉತ್ತರ:

ಎಸೆಯಬೇಡಿ. ಮಾತ್ರೆ ಬಿಡಿಸಬೇಕು ಎಂಬಲ್ಲಿ ನೆಂಟರು ಸರಿ, ‘ಇವತ್ತೇ’ ಎಂಬಲ್ಲಿ ತಪ್ಪು. ಆ ತಪ್ಪು ಜೀವಕ್ಕೇ ಎರವಾದೀತು.

ಆಲ್‌ಪ್ರಜೋಲಾಮ್ ಬೆಂಜೊಡಯಜೆಪೈನ್ ಗುಂಪಿನ ಔಷಧ. ಮಿದುಳಿನ ಉದ್ವೇಗ ತಗ್ಗಿಸುವ ‘ಗಾಬಾ’ ಎಂಬ ರಾಸಾಯನಿಕದ ಕೆಲಸಕ್ಕೆ ಇದು ಬಲ ಕೊಡುತ್ತದೆ. ತಿಂಗಳುಗಟ್ಟಲೆ ಹೀಗೆ ಹೊರಗಿನ ಬಲ ಸಿಕ್ಕರೆ ಮಿದುಳು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಆಗ ತಟ್ಟನೆ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ನಿದ್ದೆ ಹಾರುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಪಾತ್ರೆಯ ಸದ್ದೂ ಸಹಿಸಲಾಗುವುದಿಲ್ಲ. ವಿಪರೀತಕ್ಕೆ ಹೋದರೆ ಭ್ರಮೆ, ಫಿಟ್ಸ್. ತೆಲಂಗಾಣದಲ್ಲಿ ಇದೇ ಔಷಧ ಬೆರೆಸಿದ ಸೇಂದಿಯ ಪೂರೈಕೆ ನಿಂತಾಗೆಲ್ಲ ಕುಡಿಯುತ್ತಿದ್ದವರು ಆಸ್ಪತ್ರೆ ಸೇರುವುದು ಇದೇ ಕಾರಣಕ್ಕೆ. ನಿಮ್ಮ ತಾಯಿಯ ಪ್ರಮಾಣ ಚಿಕ್ಕದು, ಅಷ್ಟು ಹೆದರಬೇಕಿಲ್ಲ. ಆದರೆ ಟ್ರಮಡಾಲ್ ತಾನಾಗಿಯೇ ಫಿಟ್ಸ್ ಬರುವ ಸಾಧ್ಯತೆ ಹೆಚ್ಚಿಸುವ ಔಷಧ. ಅದನ್ನು ನುಂಗುತ್ತಿರುವವರಲ್ಲಿ ಆಲ್‌ಪ್ರಜೋಲಾಮನ್ನು ಏಕಾಏಕಿ ಕಿತ್ತರೆ ಅಪಾಯ ಎರಡೂ ಕಡೆಯಿಂದ.

ನಿಮ್ಮ ಪತ್ರದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಈ ಟ್ರಮಡಾಲೇ. ಅದು ಅಫೀಮಿನ ಬಳಗದ ನೋವುನಿವಾರಕ. ಎರಡೂ ಸೇರಿದರೆ ನಿದ್ದೆಯಲ್ಲಿ ಉಸಿರಾಟ ನಿಧಾನವಾಗಿ ನಿಂತೇಹೋಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಜೋಡಿಯ ಬಗ್ಗೆ 2016ರಲ್ಲೇ ಅತಿ ಗಂಭೀರ ಎಚ್ಚರಿಕೆ ಹೊರಡಿಸಿದೆ. ಮಂಡಿಗೆ ಬೇರೆ ಮದ್ದು ಕೇಳಿ. ಟ್ರಮಡಾಲ್ ದಿನವೂ ನಡೆಯುತ್ತಿದ್ದರೆ ಅದನ್ನೂ ವೈದ್ಯರೇ ಇಳಿಸಬೇಕು. ನೆಗಡಿಗೆ ತರುವ ಕ್ಲೋರ್‌ಫೆನಿರಮೈನ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಮದ್ಯ ಇವೆಲ್ಲವೂ ಮಂಪರು ಹೆಚ್ಚಿಸುತ್ತವೆ. ಇಟ್ರಕೊನಜೋಲ್‌ನಂಥ ಶಿಲೀಂಧ್ರದ ಮಾತ್ರೆ, ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಇವುಗಳ ದಾರಿ ಬೇರೆ: ಯಕೃತ್ತು ಆಲ್‌ಪ್ರಜೋಲಾಮನ್ನು ಕರಗಿಸುವುದನ್ನು ತಡೆಯುತ್ತವೆ. ಆಗ ಅದೇ 0.5 ಮಾತ್ರೆ ದೊಡ್ಡ ಮಾತ್ರೆಯಂತೆ ವರ್ತಿಸುತ್ತದೆ. ಹುಳುಕಡ್ಡಿಗೆ ಮಾತ್ರೆ ಬರೆಯುವ ಚರ್ಮವೈದ್ಯರಿಗೂ ಈ ವಿಷಯ ತಿಳಿಸಿರಬೇಕು.

ಬಿದ್ದದ್ದಕ್ಕೂ ಮರೆವಿಗೂ ಮಾತ್ರೆ ಕಾರಣವಾಗಿರುವ ಸಾಧ್ಯತೆ ಬಲವಾಗಿಯೇ ಇದೆ. ನುಂಗಿದ ಒಂದೆರಡು ಗಂಟೆಯಲ್ಲಿ ಇದು ರಕ್ತದಲ್ಲಿ ತುತ್ತತುದಿ ಮುಟ್ಟುತ್ತದೆ. ಅರ್ಧದಷ್ಟು ಕಡಿಮೆಯಾಗಲು ಸುಮಾರು 11 ಗಂಟೆ ಬೇಕು. ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಹೀಗಾಗಿ ನಡುರಾತ್ರಿ ಎದ್ದರೆ ಕಾಲು ಸ್ವಾಧೀನದಲ್ಲಿರುವುದಿಲ್ಲ. ಹೊಸ ನೆನಪು ಕೂಡಿಡುವುದಕ್ಕೂ ಇದು ಅಡ್ಡಿ. ‘ವಯಸ್ಸಾಯ್ತು’ ಎಂದು ಕೈಚೆಲ್ಲುವ ಮೊದಲು ಮಾತ್ರೆ ಇಳಿಸಿ ನೋಡಬೇಕು. ಅಲ್ಲಿಯವರೆಗೆ ಬಚ್ಚಲ ದಾರಿಯಲ್ಲಿ ಸಣ್ಣ ದೀಪ ಉರಿಯಲಿ, ಗೋಡೆಗೆ ಹಿಡಿ ಹಾಕಿಸಿ.

ಇನ್ನು ಇಳಿಸುವ ಲೆಕ್ಕ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ನಡೆಯುತ್ತಿರುವ ಪ್ರಮಾಣದ ಶೇ 5ರಿಂದ 10ರಷ್ಟು ಕಡಿತ. ಎರಡು ವಾರದಲ್ಲಿ ಶೇ 25 ಮೀರಬಾರದು. ತೊಡಕಿರುವುದು ಮಾತ್ರೆಯ ಗಾತ್ರದಲ್ಲಿ. 0.25ರ ಮಾತ್ರೆಯನ್ನು ಅರ್ಧ ಮಾಡಿದರೆ 0.125. ಒಂದು ಇಡೀ, ಒಂದು ಅರ್ಧ ಸೇರಿಸಿ 0.375ಕ್ಕೆ ಇಳಿದರೆ ಮೊದಲ ಮೆಟ್ಟಿಲಲ್ಲೇ ಶೇ 25 ಕಡಿತವಾಯಿತು. 0.25ರಿಂದ 0.125ಕ್ಕೆ ಇಳಿಯುವಾಗ ಕಡಿತ ಶೇ 50! ಸಲೀಸಾಗಿ ಇಳಿದವರು ಕೊನೆಯ ಚೂರಿನಲ್ಲಿ ಸಿಕ್ಕಿಬೀಳುವುದು ಇದಕ್ಕೇ. ಆ ಹಂತದಲ್ಲಿ ಕೆಲವು ವೈದ್ಯರು ಇದೇ ಗುಂಪಿನ, ಆದರೆ ನಿಧಾನವಾಗಿ ಕರಗುವ ಕ್ಲೊನಜೆಪಾಮ್ ಅಥವಾ ಡಯಜೆಪಾಮ್‌ಗೆ ಬದಲಿಸುತ್ತಾರೆ. ಆದರೆ ಅವು ಹಿರಿಯರ ಮೈಯಲ್ಲಿ ಶೇಖರವಾಗುವುದರಿಂದ ಎಲ್ಲರಿಗೂ ಒಗ್ಗವು. ನಿಮ್ಮ ಮಾತ್ರೆಯ ಸ್ಟ್ರಿಪ್ ಮೇಲೆ ‘ಎಸ್‌ಆರ್’ ಎಂದಿದ್ದರೆ ಮಾತ್ರೆ ಮುರಿಯಲೇಬಾರದು. ಮುರಿದರೆ, ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಲೇ ಹೊರಬರುತ್ತದೆ. ಖಿನ್ನತೆ, ಆತಂಕಕ್ಕೆ ಕೊಡುವ ಎಸಿಟಲೋಪ್ರಾಮ್ ಜೊತೆ ಕ್ಲೊನಜೆಪಾಮ್ ಸೇರಿಸಿದ ಜೋಡಿ ಮಾತ್ರೆಗಳೂ ನಮ್ಮಲ್ಲಿ ಧಾರಾಳ. ಅಂಥ ಮಾತ್ರೆ ನಿಲ್ಲಿಸಿದರೆ ಎರಡು ಔಷಧ ಒಟ್ಟಿಗೆ ನಿಲ್ಲಿಸಿದಂತೆ.

ಇಳಿಸುವಾಗ ನಾಲ್ಕೈದು ರಾತ್ರಿ ನಿದ್ದೆ ಕೆಟ್ಟರೆ ಹಳೆಯ ಕಾಯಿಲೆ ಮರಳಿತೆಂದುಕೊಂಡು ಪ್ರಮಾಣ ಏರಿಸಬೇಡಿ. ಬಿಡುವ ತೊಂದರೆ ಬೇಗ ಬಂದು ಸಾಮಾನ್ಯವಾಗಿ ಕೆಲವು ವಾರದಲ್ಲಿ ತಗ್ಗುತ್ತದೆ. ಹಳೆಯ ಆತಂಕ ಮರಳುವುದಾದರೆ ನಿಧಾನವಾಗಿ ಬಂದು ಗಟ್ಟಿಯಾಗುತ್ತಾ ಹೋಗುತ್ತದೆ. ತಡೆಯಲಾಗದಿದ್ದರೆ ಅದೇ ಮೆಟ್ಟಿಲಲ್ಲಿ ಇನ್ನೆರಡು ವಾರ ನಿಲ್ಲುವ ಬಗ್ಗೆ ವೈದ್ಯರನ್ನು ಕೇಳಿ. ಗೊಂದಲದ ಮಾತು, ಇಲ್ಲದ್ದು ಕಾಣುವುದು, ಫಿಟ್ಸ್, ಎಬ್ಬಿಸಿದರೂ ಏಳದ ನಿದ್ದೆ: ಇವುಗಳಲ್ಲಿ ಒಂದಾದರೂ ಕಂಡರೆ 108ಕ್ಕೆ ಕರೆ ಮಾಡಿ.

ಒಂದು ಮಾತು ಕೇಳಲೇಬೇಕು. ಮೂರು ವರ್ಷ ಯಾವ ಚೀಟಿಯ ಮೇಲೆ ಮಾತ್ರೆ ಸಿಕ್ಕಿತು? ಆಲ್‌ಪ್ರಜೋಲಾಮ್ ‘ಎಚ್1’ ಪಟ್ಟಿಯ ಔಷಧ. ಅಂಗಡಿಯವರು ಚೀಟಿ ನೋಡಿ, ರೋಗಿಯ ಮತ್ತು ವೈದ್ಯರ ಹೆಸರು ಬರೆದುಕೊಂಡು, ಆ ಪುಸ್ತಕವನ್ನು ಮೂರು ವರ್ಷ ಇಟ್ಟಿರಬೇಕು. ಹಳೆಯ ಚೀಟಿ ತೋರಿಸಿ ತರುತ್ತಿದ್ದರೆ ಆ ರೂಢಿ ಇಲ್ಲಿಗೆ ನಿಲ್ಲಲಿ. ಮನೆಯಲ್ಲಿರುವ ಮಾತ್ರೆ ಮುಗಿಯುವ ಮೊದಲೇ, ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ತಾಯಿಯನ್ನು ಕರೆದೊಯ್ಯಿರಿ. ಹೋಗುವ ಮೊದಲು ಕೇಳುವುದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416; ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ವೈದ್ಯರನ್ನು ಕಾಣುವವರೆಗೆ ರಾತ್ರಿಯ ಆ 0.5 ಎಂದಿನಂತೆ ನಡೆಯಲಿ. ಅದರ ಜೊತೆಗೆ ಆಗೀಗ ತೆಗೆದುಕೊಳ್ಳುವ ಆ ಟ್ರಮಡಾಲ್ ಮಾತ್ರ ಬೇಡ.