ಪತಿ ಸಿಂಗಾಪುರದ ಚೀನೀಯರು, ನಾನು ಕನ್ನಡತಿ. ಹುಟ್ಟಲಿರುವ ಮಗುವಿನ ಜನನ ನೋಂದಣಿಯ ‘ಜನಾಂಗ’ದ ಕಲಂನಲ್ಲಿ ಏನು ಬರೆಸಲಿ? ಮುಂದೆ ಮಗುವಿಗೆ ತಾನು ಯಾರೆಂಬ ಗೊಂದಲವಾಗುವುದಿಲ್ಲವೇ?

ಇದೇ ಕಲಂನ ಮುಂದೆ ನಾನೂ ಪೆನ್ನು ಹಿಡಿದು ಕುಳಿತಿದ್ದೆ. ನನ್ನದು ಹಾಸನದ ಕಡೆಯ ಹಳ್ಳಿ, ಪತಿ ಸಿಂಗಾಪುರದ ಹೊಕ್ಕಿಯೆನ್ ಎಂಬ ಚೀನೀ ಪಂಗಡದ ಮನೆತನದವರು. ಮಗಳಿಗೆ ಈಗ ಹದಿನೇಳು.

ಮೊದಲು ಕಾಗದದ ವಿಷಯ. ಮಗಳು ಹುಟ್ಟಿದಾಗ ತಂದೆಯ ಜನಾಂಗವೇ ಮಗುವಿನದು ಎಂಬ ವಾಡಿಕೆಯಿತ್ತು. ನಾವೂ ‘ಚೈನೀಸ್’ ಎಂದು ಬರೆಸಿದೆವು. 2011ರಿಂದ ‘ಚೈನೀಸ್-ಇಂಡಿಯನ್’ ಎಂದೋ ‘ಇಂಡಿಯನ್-ಚೈನೀಸ್’ ಎಂದೋ ಅಡ್ಡಗೆರೆ ಹಾಕಿ ಎರಡನ್ನೂ ಬರೆಸಬಹುದು. ಎರಡೂ ಒಂದೇ ಎಂದುಕೊಳ್ಳಬೇಡಿ. ಸರ್ಕಾರಿ ವಸತಿ ಮಂಡಳಿಯ ಮನೆಗಳಿಗೆ 1989ರಿಂದ ಜನಾಂಗವಾರು ಮಿತಿಯಿದೆ, ಅಂದರೆ ಒಂದು ಕಟ್ಟಡದಲ್ಲಿ ಯಾವ ಜನಾಂಗದವರ ಮನೆ ಎಷ್ಟಿರಬಹುದೆಂಬ ಲೆಕ್ಕ. ಆ ಲೆಕ್ಕಕ್ಕೆ ಹಿಡಿಯುವುದು ಗೆರೆಯ ಎಡಗಡೆಯ ಹೆಸರನ್ನು. ನಾಳೆ ನಿಮ್ಮ ಮಗು ಮನೆ ಕೊಳ್ಳುವಾಗಲೋ ಮಾರುವಾಗಲೋ ಅದು ಅಡ್ಡಬರಬಹುದು. ಅಲಂಕಾರಕ್ಕೆ ಹಾಕಿದ ಗೆರೆಯಲ್ಲ ಅದು.

ಇನ್ನು ಶಾಲೆಯ ‘ಮಾತೃಭಾಷೆ’, ಇಂಗ್ಲಿಷಿನ ಜೊತೆಗೆ ಕಲಿಯಬೇಕಾದ ಭಾಷೆ. ಇಂಡಿಯನ್ ಎಂದು ಬರೆಸಿದರೆ ಕನ್ನಡ ಸಿಗುತ್ತದೆಂದು ನಾನು ನಂಬಿದ್ದೆ. ಪಟ್ಟಿಯಲ್ಲಿರುವುದು ತಮಿಳು, ಅದು ಬೇಡವೆಂದರೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಮಗಳು ಅಪ್ಪನ ಚೀನೀ ಭಾಷೆಯನ್ನೇ ಕಲಿತಳು. ಕನ್ನಡ ಬಂದದ್ದು ಅಜ್ಜಿಯ ಫೋನಿನಿಂದ, ಡಿಸೆಂಬರ್ ರಜೆಯ ಹಾಸನದಿಂದ.

ಕಾಗದ ಇಷ್ಟೇ. ಮುಖದ್ದು ಬೇರೆ ಕಥೆ.

ಪ್ರತಿ ಜುಲೈ 21ರ ಸುಮಾರಿಗೆ ಇಲ್ಲಿನ ಶಾಲೆಗಳು ಜನಾಂಗ ಸಾಮರಸ್ಯ ದಿನ ಆಚರಿಸುತ್ತವೆ. 1964ರ ಜನಾಂಗೀಯ ಗಲಭೆಯ ನೆನಪಿಗೆ ಇಟ್ಟ ದಿನ. ಮಕ್ಕಳು ಅವರವರ ಸಾಂಪ್ರದಾಯಿಕ ಉಡುಪಿನಲ್ಲಿ ಹೋಗುತ್ತಾರೆ. ಎಂಟು ವರ್ಷದವಳಿಗೆ ನಾನು ಹಠ ಹಿಡಿದು ರೇಷ್ಮೆ ಲಂಗ ತೊಡಿಸಿ ಕಳುಹಿಸಿದೆ. “ಚೆನ್ನಾಗಿದೆ, ಯಾವ ಗೆಳತಿಯದು?” ಎಂದು ಟೀಚರೊಬ್ಬರು ಕೇಳಿದರಂತೆ. ಮುಂದಿನ ವರ್ಷ ಚೀನೀ ಹೆಂಗಸರ ಉಡುಪಾದ ಚಿಯೋಂಗ್‌ಸಾಮ್ ಹಾಕಿಕೊಂಡಳು. ಯಾರೂ ಏನೂ ಕೇಳಲಿಲ್ಲ. ಆ ಸಂಜೆ ಅವಳು ನಿರಾಳವಾಗಿದ್ದಳು, ನಾನು ಮಂಕಾಗಿದ್ದೆ. ನೀವು ‘ಗೊಂದಲ’ ಎಂದಿದ್ದೀರಲ್ಲ, ನಮ್ಮ ಮನೆಯಲ್ಲಿ ಅದು ಹೆಚ್ಚಾಗಿ ನನಗೇ ಇತ್ತು.

ಇಲ್ಲಿನ ಭಾರತೀಯ ಅಂಗಡಿಗಳ ಸೇರಂಗೂನ್ ರಸ್ತೆಯಲ್ಲಿ ಮಲ್ಲಿಗೆ ಕೊಳ್ಳುವಾಗ ಹೂವಿನವರು ನನ್ನೊಡನೆ ತಮಿಳಿನಲ್ಲಿ, ಅವಳೊಡನೆ ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ. ಲಿಫ್ಟಿನಲ್ಲಿ ಒಬ್ಬರು ನನ್ನನ್ನು ಅವಳ ಮನೆಗೆಲಸದವಳೆಂದು ತಿಳಿದದ್ದೂ ಉಂಟು. ಬೆಂಗಳೂರಿನಲ್ಲಿ ಆಟೋದವರು ಅವಳನ್ನು ಈಶಾನ್ಯದವಳೆಂದುಕೊಂಡು ಹಿಂದಿಯಲ್ಲಿ ಮಾತಿಗಿಳಿದರು. ಇವಳು ಅಪ್ಪಟ ಹಾಸನದ ಕನ್ನಡದಲ್ಲಿ ಉತ್ತರಿಸಿದಾಗ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ, ಮೀಟರಿನ ಮೇಲೆ ಒಂದು ರೂಪಾಯಿಯನ್ನೂ ಕೇಳಲಿಲ್ಲ. ನಾನು ಬೀಗಿದೆ. ಇಳಿದ ಮೇಲೆ ಅವಳು ಕೇಳಿದಳು: “ನಾನು ನಿಜವಾಗಿಯೂ ಮಣಿಪುರದವಳೇ ಆಗಿದ್ದಿದ್ದರೆ?” ನನ್ನ ಬಳಿ ಉತ್ತರವಿರಲಿಲ್ಲ.

ಅಷ್ಟೇಕೆ, 2017ರಲ್ಲಿ ಇಲ್ಲಿನ ಅಧ್ಯಕ್ಷ ಪದವಿಯ ಚುನಾವಣೆಯನ್ನು ಮಲಯ್ ಸಮುದಾಯಕ್ಕೆ ಮೀಸಲಿಟ್ಟಾಗ, ಆಗ ಅಧ್ಯಕ್ಷೆಯಾದ ಹಲೀಮಾ ಯಾಕೋಬ್ ಅವರ ತಂದೆ ಭಾರತೀಯ ಮೂಲದ ಮುಸ್ಲಿಮರಲ್ಲವೇ, ಅವರು ಮಲಯ್ ಹೇಗಾದರು ಎಂದು ಊರೆಲ್ಲ ಚರ್ಚೆಯಾಯಿತು. ಅಧ್ಯಕ್ಷೆಯಾದವರನ್ನೇ ಬಿಡದ ಪ್ರಶ್ನೆ ನಮ್ಮ ಮಕ್ಕಳನ್ನು ಬಿಟ್ಟೀತೇ?

ವಿಚಿತ್ರವೆಂದರೆ ಮುಖದ ಚಿಂತೆ ಒಂದಿಷ್ಟೂ ಇಲ್ಲದಿದ್ದದ್ದು ನನ್ನ ತಾಯಿಗೆ. ನಮ್ಮ ಕಡೆ ಮಗುವನ್ನು ಇಡಿಯಾಗಿ ನೋಡುವವರು ಯಾರು! ಮೂಗು ಯಾರದು, ಹಣೆ ಯಾರದು ಎಂದು ಬಿಡಿಬಿಡಿಯಾಗಿ ಹಂಚಿಕೊಳ್ಳುತ್ತಾರೆ. ಕಣ್ಣು ಬೀಗರ ಮನೆಯದು ಎಂದು ಧಾರಾಳವಾಗಿ ಬಿಟ್ಟುಕೊಟ್ಟು, ಕಿವಿ ಮಾತ್ರ ತಮ್ಮ ಸೋದರತ್ತೆಯದೇ ಎಂದು ಪಟ್ಟು ಹಿಡಿದರು. ಆ ಅತ್ತೆಯನ್ನು ಕಂಡವರು ಈಗ ಯಾರೂ ಬದುಕಿಲ್ಲ. ಹಾಗಾಗಿ ಆ ಕಿವಿಗೆ ತಕರಾರಿಲ್ಲ.

ಹದಿನೈದಕ್ಕೆ ಗುರುತಿನ ಚೀಟಿ ಮಾಡಿಸುವಾಗ “ಈಗಲಾದರೂ ಇಂಡಿಯನ್ ಸೇರಿಸೋಣ” ಎಂದೆ. ಅವಳು ಬೇಡವೆಂದಳು. ನನ್ನ ಮುಖ ಸಣ್ಣದಾದದ್ದನ್ನು ಕಂಡು, “ಅಲ್ಲಿ ಇಂಡಿಯನ್ ಅಂತ ಬರೆಯುತ್ತಾರೆ ಅಮ್ಮ, ಅಜ್ಜಿ ಅಂತ ಬರೆಯುವುದಿಲ್ಲವಲ್ಲ” ಎಂದಳು. ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ಹೇಳಿದ್ದು ಕನ್ನಡದಲ್ಲಿ.

ಆದ್ದರಿಂದ ನನ್ನನ್ನು ಕೇಳಿದರೆ, ಎರಡನ್ನೂ ಬರೆಸಿ. ಯಾವುದು ಮೊದಲು ಎಂಬುದನ್ನು ಮನೆ ಕೊಳ್ಳುವ ಲೆಕ್ಕ ನೋಡಿ ಇಬ್ಬರೂ ಕುಳಿತು ನಿರ್ಧರಿಸಿ. ಮುಂದೆ ಮಗು ಅದನ್ನು ಬದಲಿಸಬೇಕೆಂದರೆ ಅಡ್ಡಬರಬೇಡಿ. ನೋಂದಣಿಗೆ 42 ದಿನ ಕಾಲಾವಕಾಶವಿದೆ, ಅವಸರವಿಲ್ಲ.

ಅವಸರ ಬೇಕಾದದ್ದು ಹೆಸರಿಗೆ. ಎರಡೂ ಕಡೆಯ ಅಜ್ಜಿಯರ ನಾಲಿಗೆಗೆ ಹೊರಳುವ ಹೆಸರನ್ನು ಈಗಲೇ ಹುಡುಕಿ. ನಾವು ‘ಳ’ಕಾರವಿರುವ ಹೆಸರಿಟ್ಟೆವು. ನಮ್ಮ ಅತ್ತೆ ಎರಡು ದಿನ ಪ್ರಯತ್ನಿಸಿ ಕೈಚೆಲ್ಲಿದರು. ಹದಿನೇಳು ವರ್ಷದಿಂದ ‘ಮೇಮೇ’ ಎಂದೇ ಕರೆಯುತ್ತಾರೆ. ಚೀನೀ ಭಾಷೆಯಲ್ಲಿ ಅದು ಪುಟ್ಟ ತಂಗಿ. ವಿಡಿಯೊ ಕರೆಯಲ್ಲಿ ಮೊದಲ ಸಲ ಅದನ್ನು ಕೇಳಿದ ನನ್ನ ತಾಯಿ, “ಅಷ್ಟು ಎತ್ತರದ ಮನೆಯಲ್ಲಿ ಮೇಕೆ ಸಾಕಿದ್ದೀರಾ?” ಎಂದಿದ್ದರು.