ಕೈ ಕಟ್ಟಿಕೊಂಡವನು ಏನನ್ನು ಮುಚ್ಚಿಡುತ್ತಿದ್ದಾನೆ?

ಓದುಗರೊಬ್ಬರ ಪತ್ರ: "ನಮ್ಮ ಆಫೀಸಿನಲ್ಲಿ ಎರಡು ದಿನ ಬಾಡಿ ಲಾಂಗ್ವೇಜ್ ತರಬೇತಿ ಕೊಟ್ಟರು. ಸಂವಹನದಲ್ಲಿ ಶೇ. 93ರಷ್ಟು ಮಾತಿಲ್ಲದೆಯೇ ನಡೆಯುತ್ತದಂತೆ. ಪದಗಳ ಪಾಲು ಬರೀ 7 ಅಂತೆ. ನನ್ನ ತಂಡದ ಒಬ್ಬ ಹುಡುಗ ಮೀಟಿಂಗ್‌ನಲ್ಲಿ ಯಾವಾಗಲೂ ಕೈ ಕಟ್ಟಿಕೊಂಡೇ ಕೂರುತ್ತಾನೆ, ಮುಖ ಕೊಟ್ಟು ಮಾತಾಡುವುದಿಲ್ಲ. ಏನೋ ಮುಚ್ಚಿಡುತ್ತಿದ್ದಾನೆ ಅಂತ ಈಗ ನನಗೆ ಖಾತ್ರಿಯಾಗಿದೆ. ಇಂಥ ಸನ್ನೆಗಳ ಅರ್ಥ ತಿಳಿಸುವ ಒಂದು ಅಂಕಣವನ್ನು ನೀವು ಯಾಕೆ ಶುರು ಮಾಡಬಾರದು?"

ಸಂಪಾದಕರ ಉತ್ತರ:

ನೀವು ಹೇಳಿದ್ದರಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೈ ಮಾತಾಡುತ್ತದೆ. ಭಾವನೆಗಳು ಮುಖದ ಮೇಲೆ, ಮೈಮೇಲೆ ಹೇಗೆ ಕಾಣುತ್ತವೆ ಅಂತ ಡಾರ್ವಿನ್ 1872ರಲ್ಲೇ ಒಂದು ಇಡೀ ಪುಸ್ತಕ ಬರೆದ. ಹುಟ್ಟಿನಿಂದ ಕಣ್ಣು ಕಾಣದವರೂ ಮಾತಾಡುವಾಗ ಕೈ ಆಡಿಸುತ್ತಾರೆ. ಎದುರಿಗಿರುವವರಿಗೂ ಕಣ್ಣು ಕಾಣುವುದಿಲ್ಲ ಅಂತ ಗೊತ್ತಿದ್ದರೂ ಆಡಿಸುತ್ತಾರೆ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ಇಷ್ಟು ನಿಮ್ಮ ಕಡೆಗೆ. ಉಳಿದದ್ದಕ್ಕೆಲ್ಲ ನನ್ನ ತಕರಾರಿದೆ.

ಆ 93ರ ಕಥೆಯಿಂದಲೇ ಶುರು ಮಾಡುತ್ತೇನೆ. ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು ಜೊತೆಗಾರರೊಂದಿಗೆ 1967ರಲ್ಲಿ ಎರಡು ಪ್ರಯೋಗಗಳನ್ನು ಪ್ರಕಟಿಸಿದರು. ಅಲ್ಲಿ ಯಾರೂ ಕೂತು ಹರಟಲಿಲ್ಲ, ಚರ್ಚೆ ಮಾಡಲಿಲ್ಲ. ಇದ್ದದ್ದು ರೆಕಾರ್ಡ್ ಮಾಡಿದ ಬಿಡಿ ಪದಗಳು. ಒಂದು ಪ್ರಯೋಗದಲ್ಲಂತೂ "ಇರಬಹುದು" ಎಂಬ ಅರ್ಥದ ಒಂದೇ ಪದ. ಅದನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು, ಜೊತೆಗೆ ಮುಖದ ಫೋಟೋ ತೋರಿಸಿದರು. ಹೇಳಿದವರಿಗೆ ಎದುರಿನವರ ಮೇಲೆ ಒಲವಿದೆಯೋ ಇಲ್ಲವೋ, ಊಹಿಸಿ ಅಂದರು. ಪದಕ್ಕೆ 7, ದನಿಗೆ 38, ಮುಖಕ್ಕೆ 55 ಅನ್ನುವ ಲೆಕ್ಕ ಹುಟ್ಟಿದ್ದು ಇಲ್ಲಿ. ಭಾವನೆ, ಇಷ್ಟಾನಿಷ್ಟದ ವಿಷಯ ಬಿಟ್ಟು ಬೇರೆ ಮಾತಿಗೆ ಇದು ಹೊಂದುವುದಿಲ್ಲ ಅಂತ ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ತರಬೇತಿಗಳಲ್ಲಿ ಆ ಸಾಲು ಬಿಟ್ಟುಹೋಗುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೇ.

ನಿಮ್ಮ ಪತ್ರವನ್ನೇ ನೋಡಿ. ಅದರಲ್ಲಿ ಮುಖ ಇರಲಿಲ್ಲ, ದನಿ ಇರಲಿಲ್ಲ. ಆದರೂ ನಿಮ್ಮ ಚಿಂತೆ, ಆ ಹುಡುಗನ ಮೇಲಿನ ಬೇಸರ ಎರಡೂ ನನ್ನನ್ನು ಪೂರ್ತಿ ತಲುಪಿದವು. ಬರೀ ಪದಗಳೇ ತಾನೇ ತಲುಪಿಸಿದ್ದು?

ಸುಮಾರು 120 ವರ್ಷದ ಹಿಂದೆ ಬರ್ಲಿನ್‌ನಲ್ಲಿ ಹಾನ್ಸ್ ಅಂತ ಒಂದು ಕುದುರೆ ಇತ್ತು. ಲೆಕ್ಕ ಕೇಳಿದರೆ ಉತ್ತರ ಬರುವಷ್ಟು ಸಲ ಗೊರಸು ತಟ್ಟುತ್ತಿತ್ತು. 1904ರಲ್ಲಿ ತಜ್ಞರ ತಂಡವೊಂದು ಪರೀಕ್ಷಿಸಿ ಮೋಸ ಏನೂ ಇಲ್ಲ ಅಂದಿತು. ಆಮೇಲೆ ಆಸ್ಕರ್ ಫುಂಗ್‌ಸ್ಟ್ ಎಂಬವರು ಗುಟ್ಟು ಕಂಡುಹಿಡಿದರು. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆ ತಪ್ಪುತ್ತಿತ್ತು. ಅವರು ಅದಕ್ಕೆ ಕಾಣದಿದ್ದರೂ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದ ಕೂಡಲೇ ಕೇಳಿದವರ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಅವರಿಗೇ ಗೊತ್ತಿಲ್ಲದೆ. ಕುದುರೆ ಅದನ್ನು ಹಿಡಿದು ನಿಲ್ಲಿಸುತ್ತಿತ್ತು. ಎಂಥ ಸೂಕ್ಷ್ಮ ಕಣ್ಣು! ಆದರೆ ಅದಕ್ಕೆ ಲೆಕ್ಕ ಬಂತಾ? ಇಲ್ಲ. ಎದುರಿನವರಲ್ಲಿ ಏನೋ ಸಡಿಲವಾಯಿತು ಅನ್ನುವುದಷ್ಟೇ ಗೊತ್ತಾಯಿತು, ಯಾಕೆ ಅನ್ನುವುದು ಗೊತ್ತಾಗಲಿಲ್ಲ. ನಾವು ಎಡವುವುದೂ ಈ "ಯಾಕೆ" ಹತ್ತಿರವೇ.

ಸುಳ್ಳನ್ನು ಮುಖ ನೋಡಿ ಹಿಡಿಯುತ್ತೇನೆ ಅನ್ನುವವರಿಗೆ ಇನ್ನೊಂದು ಲೆಕ್ಕ. 2006ರಲ್ಲಿ 206 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. ಎದುರಿನವರು ಹೇಳುತ್ತಿರುವುದು ನಿಜವೋ ಸುಳ್ಳೋ ಅಂತ ಸುಮಾರು 24,000 ಜನ ಊಹಿಸಿದ್ದರು. ಸರಿಯಾದದ್ದು ಶೇ. 54. ಸುಮ್ನೆ ನಾಣ್ಯ ಚಿಮ್ಮಿದರೂ 50 ಬರುತ್ತದೆ ಅಲ್ವಾ?

ಕೆಲವು ವರ್ಷದ ಹಿಂದೆ ಕರಡು ತಿದ್ದುವ ಕೆಲಸಕ್ಕೆ ಯುವತಿಯೊಬ್ಬರು ಸಂದರ್ಶನಕ್ಕೆ ಬಂದಿದ್ದರು. ಕುರ್ಚಿಯನ್ನು ಸ್ವಲ್ಪ ಓರೆ ಮಾಡಿಕೊಂಡು ಕೂತರು. ನನ್ನ ಕಣ್ಣನ್ನು ನೋಡಲೇ ಇಲ್ಲ, ಬಾಯಿಯ ಮೇಲೇ ನೋಟ. ಪ್ರಶ್ನೆ ಕೇಳಿದರೆ ಒಂದು ಗಳಿಗೆ ತಡೆದು ಉತ್ತರ. ನನ್ನ ಪಕ್ಕದಲ್ಲಿದ್ದವರು ಚೀಟಿಯಲ್ಲಿ "ನಂಬಿಕೆ ಬರಲ್ಲ" ಅಂತ ಬರೆದು ನನ್ನ ಕಡೆ ಸರಿಸಿದರು. ನನಗೂ ಹಾಗೇ ಅನ್ನಿಸಿತ್ತು. ಹೊರಟವರು ಬಾಗಿಲ ಹತ್ತಿರ ನಿಂತು ಹೇಳಿದರು: "ಸರ್, ನನಗೆ ಎಡಗಿವಿ ಕೇಳಿಸಲ್ಲ. ಫ್ಯಾನ್ ಸದ್ದು ಬೇರೆ. ನಿಮ್ಮ ತುಟಿ ನೋಡ್ಕೊಂಡು ಉತ್ತರ ಕೊಟ್ಟೆ." ಅವರು ಆ ಮಾತು ಆಡದೆ ಹೋಗಿದ್ದರೆ ಆ ಚೀಟಿಯೇ ತೀರ್ಪಾಗುತ್ತಿತ್ತು. ಅವರು ನಮ್ಮಲ್ಲಿ ಆರು ವರ್ಷ ಇದ್ದರು. ಒಂದು ಒತ್ತಕ್ಷರವೂ ಅವರ ಕಣ್ಣು ತಪ್ಪಿಸಿ ಅಚ್ಚಿಗೆ ಹೋಗುತ್ತಿರಲಿಲ್ಲ.

ಆವತ್ತಿನಿಂದ ಈ ಸನ್ನೆಗೆ ಈ ಅರ್ಥ ಅನ್ನುವ ಪಟ್ಟಿಗಳನ್ನು ಕಂಡರೆ ನನಗೆ ಭಯ. ನಾಚಿಕೆಯವರು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದೇ ಹಿಂಸೆಯಾಗುವ ಆಟಿಸಂ ಇರುವವರು, ಪರಭಾಷೆಯಲ್ಲಿ ಪದ ಹುಡುಕುತ್ತಾ ತಡವರಿಸುವವರು, ಪಟ್ಟಿಯ ಪ್ರಕಾರ ಎಲ್ಲರೂ ಸುಳ್ಳುಗಾರರೇ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಹಾವಭಾವ ನೋಡಿ ಅಪಾಯದವರನ್ನು ಹಿಡಿಯುವ ಯೋಜನೆಗೆ 2007ರಿಂದ ಸುಮಾರು 90 ಕೋಟಿ ಡಾಲರ್ ಸುರಿದರು. ಇದು ಫಲ ಕೊಡುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ ಅಂತ 2013ರಲ್ಲಿ ಅಲ್ಲಿನ ಸರ್ಕಾರದ ಲೆಕ್ಕ ತಪಾಸಣೆ ಸಂಸ್ಥೆಯೇ ಹೇಳಿತು. ಈಗ ಕೆಲಸಕ್ಕೆ ಬಂದವರ ಮುಖಕ್ಕೆ ಕಂಪ್ಯೂಟರಿನಿಂದ ಅಂಕ ಹಾಕಿಸುವ ಆಸೆಯೂ ಹುಟ್ಟಿದೆ. ಕೂತು ಕೇಳುವ ತಾಳ್ಮೆ ಕಡಿಮೆಯಾದಷ್ಟೂ ಮುಖ ನೋಡಿ ತೀರ್ಮಾನಿಸುವ ಆತುರ ಜಾಸ್ತಿಯಾಗುತ್ತಿದೆ. ನನಗೆ ನೋವಾಗುವುದು ಇದಕ್ಕೆ.

ಆ ಹುಡುಗ ಎಸಿ ಕೆಳಗೆ ಕೂತು ಚಳಿಗೆ ಕೈ ಕಟ್ಟಿರಬಹುದು. ಮನೆಯಲ್ಲಿ ಏನೋ ತೊಂದರೆ ಇರಬಹುದು. ನಿಮ್ಮನ್ನು ಕಂಡರೆ ಹೆದರಿಕೆ ಇರಬಹುದು. ನಿಜವಾಗಿಯೂ ಏನೋ ಮುಚ್ಚಿಡುತ್ತಿರಲೂಬಹುದು. ಈ ನಾಲ್ಕರಲ್ಲಿ ಯಾವುದೇ ಆಗಿರಲಿ, ಕೈ ಕಟ್ಟಿಕೊಳ್ಳುವ ರೀತಿ ಒಂದೇ. ಹಾಗಾಗಿ ಆ ಅಂಕಣ ನಾನು ಶುರು ಮಾಡುವುದಿಲ್ಲ, ಕ್ಷಮಿಸಿ. ನೀವು ಚಿಂತೆಪಟ್ಟು ಇಷ್ಟುದ್ದ ಬರೆದಿದ್ದೀರಿ. ಅವನ ಬಗ್ಗೆ ಕಾಳಜಿ ಇಲ್ಲದವರು ಹೀಗೆ ಬರೆಯುವುದಿಲ್ಲ. ಮುಂದಿನ ಮೀಟಿಂಗ್ ಮುಗಿದು ಎಲ್ಲರೂ ಎದ್ದು ಹೋದ ಮೇಲೆ ಅವನ ಪಕ್ಕದ ಕುರ್ಚಿಯಲ್ಲಿ ಕೂತು, "ಹೇಗಿದ್ದೀಯಾ, ಎಲ್ಲ ಆರಾಮಾ?" ಅಂತ ಕೇಳಿ. ಮೊದಲು "ಏನಿಲ್ಲ ಸರ್" ಅನ್ನುತ್ತಾನೆ. ಆಗ ಎದ್ದುಬಿಡಬೇಡಿ.