ಸೀನಿಯರ್ ಸರ್ಟಿಫಿಕೇಟ್ ಇದೆ, ಹಾಡು ಎಲ್ಲಿದೆ?

(ಗುರುತು ಸಿಗಬಾರದು ಅಂತ ಊರು, ಮನೆಯವರ ವಿವರ ಬದಲಿಸಿದ್ದೇನೆ. ಹುಡುಗಿ, ಅವಳ ಅಪ್ಪ-ಅಮ್ಮ ಮೂವರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿರುವುದು.)

ಹುಡುಗಿಗೆ 18 ವರ್ಷ. ಮಲೆನಾಡಿನ ಅಂಚಿನ ಊರು. ದ್ವಿತೀಯ ಪಿಯುಸಿ ಕಾಮರ್ಸ್‌ನಲ್ಲಿ ಒಳ್ಳೆಯ ಅಂಕ ಬಂದಿದೆ, ಬಿಕಾಂಗೆ ಸೇರಿಕೊಂಡಿದ್ದಾಳೆ. ಅಮ್ಮ ಮನೆಯಲ್ಲೇ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಾರೆ. ಅಪ್ಪನದು ಹಾರ್ಡ್‌ವೇರ್ ಅಂಗಡಿ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತು ಸೀನಿಯರ್ ಪರೀಕ್ಷೆ ಪಾಸಾಗಿದ್ದಾಳೆ. ಈಗ ಇಂಗ್ಲೆಂಡಿಗೆ ಹೋಗಿ ಕಮರ್ಷಿಯಲ್ ಮ್ಯೂಸಿಕ್‌ನಲ್ಲಿ ಬಿಎ ಮಾಡಬೇಕು ಅಂತ ಹಟ.

2025ರ ಗಣೇಶನ ಹಬ್ಬ ಮುಗಿದ ಮೇಲೆ ಮೂವರೂ ಸಲಹೆ ಕೇಳಲು ನನ್ನ ಹತ್ತಿರ ಬಂದರು. ಒಬ್ಬೊಬ್ಬರದು ಒಂದೊಂದು ಪ್ರಶ್ನೆ. ಅಪ್ಪನಿಗೆ, ಎಷ್ಟಾಗುತ್ತೆ, ಆಮೇಲೆ ಕೆಲಸ ಸಿಗುತ್ತಾ. ಅಮ್ಮನಿಗೆ, ಇಷ್ಟು ವರ್ಷ ಕಲಿತಿದ್ದೆಲ್ಲ ನೀರಲ್ಲಿ ಹೋಮ ಆಯ್ತಾ. ಹುಡುಗಿಗೆ ಬೇಕಾಗಿದ್ದದ್ದು ಒಂದೇ, ಅರ್ಜಿ ಗಟ್ಟಿಯಾಗಿರಬೇಕು. ನನ್ನ ಹತ್ತಿರ ಬರುವ ಮೊದಲು ಒಬ್ಬ ಏಜೆಂಟ್ ಹತ್ತಿರ ಹೋಗಿದ್ದರು. ಅವನು, 'ಮ್ಯೂಸಿಕ್ ಎಲ್ಲ ಯಾಕೆ, ಬಿಸಿನೆಸ್ ಮ್ಯಾನೇಜ್‌ಮೆಂಟ್ ಹಾಕಿ, ಸೀಟು ಗ್ಯಾರಂಟಿ' ಅಂದನಂತೆ. ಏಜೆಂಟರಿಗೆ ಸಾಮಾನ್ಯವಾಗಿ ಕಮಿಷನ್ ಕೊಡುವುದು ವಿಶ್ವವಿದ್ಯಾಲಯ. ಸುಲಭವಾಗಿ ತುಂಬುವ ಸೀಟಿನ ಕಡೆ ಅವರ ಮನಸ್ಸು ವಾಲಿದರೆ ಆಶ್ಚರ್ಯ ಏನಿಲ್ಲ.

ಮೊದಲು ಈ ಕೋರ್ಸ್ ಏನು ಅಂತ ಮೂವರಿಗೂ ಹೇಳಬೇಕಾಯಿತು. ಅಮ್ಮ ಅದನ್ನು 'ಸಿನಿಮಾ ಹಾಡು ಹೇಳೋ ಟ್ರೇನಿಂಗ್' ಅಂದುಕೊಂಡಿದ್ದರು. ಹಾಡು ಬರೆಯುವುದು, ರೆಕಾರ್ಡಿಂಗ್, ಪ್ರೊಡಕ್ಷನ್ ಒಂದು ಕಡೆ. ಕಾಪಿರೈಟ್, ಪಬ್ಲಿಷಿಂಗ್, ಕರಾರು, ಮಾರ್ಕೆಟಿಂಗ್ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಕಲಿಸುವ ಪದವಿ ಇದು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಹ್ಯಾರೋ ಕ್ಯಾಂಪಸ್, ಬಾತ್ ಸ್ಪಾ, ಸ್ಕಾಟ್ಲೆಂಡಿನ ವೆಸ್ಟ್ ಆಫ್ ಸ್ಕಾಟ್ಲೆಂಡ್ ವಿಶ್ವವಿದ್ಯಾಲಯ, ಇವೆಲ್ಲ ಇದೇ ಹೆಸರಿನ ಪದವಿ ನಡೆಸಿಕೊಂಡು ಬಂದಿರುವ ಕಡೆಗಳು. ಒಂದು ವಿಷಯ ಅಪ್ಪನಿಗೆ ಆಗಲೇ ಹೇಳಿದೆ. ಇಂಗ್ಲೆಂಡಿನಲ್ಲಿ ಆನರ್ಸ್ ಪದವಿ ಸಾಮಾನ್ಯವಾಗಿ 3 ವರ್ಷ, ಸ್ಕಾಟ್ಲೆಂಡಿನಲ್ಲಿ 4. ವರ್ಷದ ಫೀಸು ಕಡಿಮೆ ಕಂಡರೂ ಒಟ್ಟು ಲೆಕ್ಕದಲ್ಲಿ ಏರುಪೇರಾಗುತ್ತದೆ.

ಹುಡುಗಿ ತಂದಿದ್ದ ಫೈಲ್ ದಪ್ಪಗಿತ್ತು. ಜೂನಿಯರ್, ಸೀನಿಯರ್ ಸರ್ಟಿಫಿಕೇಟ್, ಪ್ರತಿಭಾ ಕಾರಂಜಿ, ದಸರಾ ಯುವ ವೇದಿಕೆ, ಶಾಲು ಹೊದಿಸಿಕೊಂಡ ಫೋಟೊಗಳು. ಪೆನ್‌ಡ್ರೈವಿನಲ್ಲಿ ಒಂದಷ್ಟು ಹಾಡು. ಹೆಚ್ಚಿನವು ಬೇರೆಯವರ ಹಾಡನ್ನು ಕರೋಕೆ ಮೇಲೆ ಹಾಡಿದ್ದು. ದನಿ ಚೆನ್ನಾಗಿದೆ, ಶ್ರುತಿ ಗಟ್ಟಿ. ಆದರೆ ಈ ಕೋರ್ಸಿನವರು ಮುಖ್ಯವಾಗಿ ನೋಡುವುದು ನೀನು ಏನು ಮಾಡಿದ್ದೀಯ ಅಂತ, ಎಷ್ಟು ಚೆನ್ನಾಗಿ ಹಾಡ್ತೀಯ ಅಂತ ಅಲ್ಲ. 'ಇದರಲ್ಲಿ ನಿನ್ನದು ಯಾವುದು?' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಮ್ಮನ ಕಡೆ ಒಮ್ಮೆ ನೋಡಿ, 'ಒಂದಿದೆ, ಫೈಲಲ್ಲಿ ಹಾಕಿಲ್ಲ' ಅಂದಳು. ಫೋನಿನಲ್ಲಿತ್ತು.

ಅದು ಮೋಹನ ರಾಗದಲ್ಲಿ ಅವಳೇ ಮಾಡಿದ ಹಾಡು. ಸಾಹಿತ್ಯವೂ ಅವಳದೇ, ನಾಲ್ಕೇ ಸಾಲು. ಅವಳ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಐದೂವರೆ ಮನೆ, ಅಂದರೆ ಪಾಶ್ಚಾತ್ಯ ಸಂಗೀತದ ಜಿ ಶಾರ್ಪ್. ಹಾಡು ಪೂರ್ತಿ ಅದರಲ್ಲೇ ಇದೆ. ಗಿಟಾರಿನಲ್ಲಿ ಆ ಶ್ರುತಿ ಹಿಡಿಯುವುದು ಕಷ್ಟ ಅಂತ, ಗಿಟಾರ್ ನುಡಿಸುವ ಗೆಳೆಯ ಇದಕ್ಕೇ ಬೈಯುತ್ತಾನಂತೆ. ಪಲ್ಲವಿ ನೆಟ್ಟಗೆ ಹೋಗಿ, ಎರಡನೇ ಸಲ ಬರುವಾಗ ಕೆಳಗೆ ಎಫ್ ಮೈನರ್ ಅನ್ನುವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕೂರಿಸಿದ್ದಾಳೆ. ರಾಗದ ಬಣ್ಣವೇ ಬದಲಾಗಿ ಒಂಥರಾ ಮೋಡ ಕವಿಯುತ್ತದೆ. ಅಮ್ಮನ ತಕರಾರು ಇದೇ. 'ಮೋಹನ ಅಂದ್ರೆ ಎಷ್ಟು ಬೆಳಕಿರೋ ರಾಗ, ಅದನ್ನ ಅಳೋ ಹಾಗೆ ಮಾಡಿಬಿಟ್ಟಿದಾಳೆ' ಅಂದರು. ಹುಡುಗಿ ತಕ್ಷಣ, 'ಆ ಕಾರ್ಡಲ್ಲಿರೋದು ಧ, ಸ, ಗ ಮೂರೇ. ಮೂರೂ ಮೋಹನದ್ದೇ ಸ್ವರ. ಅನ್ಯಸ್ವರ ಒಂದೂ ಇಲ್ಲ' ಅಂದಳು.

ಅಮ್ಮ ಸ್ವರದ ಮಾತು ಆಡುತ್ತಿರಲಿಲ್ಲ, ಭಾವದ ಮಾತು ಆಡುತ್ತಿದ್ದರು. ಇಬ್ಬರೂ ಸರಿಯೇ. ಈ ಜಗಳ ಅವರ ಮನೆಯಲ್ಲಿ ತಿಂಗಳುಗಟ್ಟಲೆ ನಡೆದಿದೆ. ನನಗಂತೂ ಆ ಹುಡುಗಿಯ ಅರ್ಜಿ ಎಲ್ಲಿದೆ ಅಂತ ಗೊತ್ತಾಗಿದ್ದು ಅಲ್ಲೇ. ಒಂದು ರಾಗಕ್ಕೆ ಕಾರ್ಡ್ ಯಾಕೆ ಹಾಕಿದೆ, ಹಾಕಿದ್ದರಿಂದ ಏನು ಸಿಕ್ಕಿತು, ಏನು ಹೋಯಿತು ಅಂತ ಉದಾಹರಣೆ ಸಮೇತ ಹೇಳಬಲ್ಲ 18ರ ಹುಡುಗಿ. ಅದನ್ನು ಬಿಟ್ಟು ಶಾಲಿನ ಫೋಟೊ ತಂದಿದ್ದಾಳೆ!

ಹಾಗಾಗಿ ಮೊದಲ ಸಲಹೆ ಇದು: ಕರೋಕೆ ಎಲ್ಲ ತೆಗೆದುಬಿಡು. ನಿನ್ನದೇ ಮೂರು ಹಾಡು ಸಾಕು, ಆದರೆ ಮೂರೂ ಮುಗಿದಿರಬೇಕು. ಪ್ರತಿಯೊಂದಕ್ಕೂ ನಾಲ್ಕೈದು ಸಾಲಿನ ಟಿಪ್ಪಣಿ ಬರೆ. ಯಾರು ನುಡಿಸಿದ್ದು, ಯಾವುದು ಲೂಪ್ (ಮತ್ತೆ ಮತ್ತೆ ಬರುವ ಸಿದ್ಧ ತುಣುಕು), ಎಲ್ಲಿಂದ ತಂದದ್ದು, ಮಿಕ್ಸ್ ಮಾಡಿದ್ದು ಯಾರು. ಮೋಹನದ ಹಾಡು ಮೊದಲಿಗೇ ಬರಲಿ. ಅದನ್ನು ಸರಿಯಾಗಿ ಮತ್ತೆ ರೆಕಾರ್ಡ್ ಮಾಡಿದ ಮೇಲೆ ಅಮ್ಮನಿಗೆ ಕೇಳಿಸಿದಳಂತೆ. 'ತಂಬೂರಿ ಇನ್ನೂ ಸ್ವಲ್ಪ ಜಾಸ್ತಿ ಇರಲಿ' ಅಂದರಂತೆ, ಅಷ್ಟೇ.

ಎರಡನೆಯದು ಕಾಪಿರೈಟ್. ಬೇಂದ್ರೆಯವರ ಒಂದು ಕವಿತೆಗೆ ತಾನೇ ರಾಗ ಹಾಕಿ, ಹಾಡಿ, ಯೂಟ್ಯೂಬಿಗೆ ಏರಿಸಿದ್ದಳು. ಪೋರ್ಟ್‌ಫೋಲಿಯೊದಲ್ಲಿ, ಅಂದರೆ ಅರ್ಜಿಯ ಜೊತೆ ತೋರಿಸುವ ತನ್ನ ಕೆಲಸಗಳ ಸಂಗ್ರಹದಲ್ಲಿ, ಅದನ್ನೂ ಸೇರಿಸುವ ಆಸೆ. 'ಅನುಮತಿ ತಗೊಂಡಿದ್ಯಾ?' ಅಂದರೆ, 'ಹಳೇ ಪದ್ಯ ಅಲ್ವಾ ಮೇಡಂ' ಅಂದಳು. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆ ಹೋಗಿದ್ದು 1981ರಲ್ಲಿ. ಅಂದರೆ 2041 ಮುಗಿಯುವವರೆಗೂ ಅವರ ಕವಿತೆಗೆ ವಾರಸುದಾರರು ಇದ್ದಾರೆ. ಪುರಂದರದಾಸರ ಪದವೋ ಬಸವಣ್ಣನವರ ವಚನವೋ ಆದರೆ ಸಾಹಿತ್ಯಕ್ಕೆ ಯಾರನ್ನೂ ಕೇಳಬೇಕಿಲ್ಲ. ಆದರೆ ಅದಕ್ಕೆ ಇತ್ತೀಚಿನವರು ಹಾಕಿದ ಧಾಟಿಯನ್ನು ಬಳಸಿದರೆ ಆ ಧಾಟಿಗೆ ಬೇರೆ ಹಕ್ಕು ಇರುತ್ತದೆ. ಇನ್ನು ರೆಕಾರ್ಡಿಂಗ್‌ಗೆ ಇರುವುದು ಮತ್ತೂ ಒಂದು ಹಕ್ಕು. ಕಾಮರ್ಸ್ ಓದಿದ ಹುಡುಗಿ, ಇದು ಬೇಗ ತಲೆಗೆ ಹತ್ತಿತು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಗಿ ಸಾಹಿತ್ಯ ಬರೆದವರಿಗೂ ಸಂಗೀತ ಮಾಡಿದವರಿಗೂ ರಾಯಲ್ಟಿಯ ಪಾಲು ಗಟ್ಟಿಯಾಗಿದ್ದನ್ನು, ಅವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆ ಐಪಿಆರ್‌ಎಸ್ ಏನು ಕೆಲಸ ಮಾಡುತ್ತೆ ಅನ್ನುವುದನ್ನು ಓದಿಕೊಂಡು ಬಾ ಅಂದೆ. ಓದಿಕೊಂಡು ಬಂದಳು. ಯೂಟ್ಯೂಬಿನ ಹಾಡನ್ನು ಪ್ರೈವೇಟ್ ಮಾಡಿದಳು. ಅರ್ಜಿಯಲ್ಲಿ ಈ ಕತೆಯನ್ನೂ ಎರಡು ಸಾಲಿನಲ್ಲಿ ಬರೆದಳು.

ಮೂರನೆಯದು ಮಾತಿನ ಮಧ್ಯೆ ಸಿಕ್ಕಿದ್ದು. ಬಿಡುವಿನಲ್ಲಿ ಏನು ಮಾಡ್ತೀಯ ಅಂತ ಕೇಳಿದ್ದಕ್ಕೆ, 'ಏನಿಲ್ಲ, ನಮ್ಮ ಬೀದಿ ಗಣಪತಿ ಆರ್ಕೆಸ್ಟ್ರಾಗೆ ಸೌಂಡ್ ಮಿಕ್ಸರ್ ನೋಡ್ಕೋತೀನಿ' ಅಂದಳು. ಏನಿಲ್ಲವಂತೆ! ಆ ವರ್ಷ ಕೀಬೋರ್ಡ್ ಲೈನಿನಲ್ಲಿ ಗುಂಯ್ ಅಂತ ಸದ್ದು ಬರುತ್ತಿತ್ತು. ಶಾಮಿಯಾನದವರು ವೈರ್ ಅಲ್ಲಾಡಿಸಿ ಸುಸ್ತಾದರು. ಇವಳು ಹೋಗಿ, ಕೀಬೋರ್ಡನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸಿನಲ್ಲಿ ಸಿಗ್ನಲ್ ವೈರಿನ ಗ್ರೌಂಡ್ ಸಂಪರ್ಕ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದಳು, ಸದ್ದು ನಿಂತಿತು. ವೇದಿಕೆಯ ಕೀಬೋರ್ಡ್ ಒಂದು ಪ್ಲಗ್ಗು, ಮಿಕ್ಸರ್ ಇನ್ನೊಂದು ಪ್ಲಗ್ಗು, ಎರಡರ ಅರ್ಥಿಂಗ್ ನಡುವೆ ಲೂಪ್ ಆಗಿತ್ತು ಅಂತ ನನಗೂ ಬಿಡಿಸಿ ಹೇಳಿದಳು. ನಾಲ್ಕು ಜನ ಕಲಾವಿದರ ಜೊತೆ, ಗಡಿಬಿಡಿಯಲ್ಲಿ, ದುಡ್ಡು ಕೊಟ್ಟವರ ಮುಂದೆ ಕೆಲಸ ಮಾಡಿದ ಅನುಭವ ಇದು. ಸೀನಿಯರ್ ಸರ್ಟಿಫಿಕೇಟಿನಷ್ಟೇ ತೂಕ ಇದಕ್ಕೂ ಇದೆ, ಈ ಕೋರ್ಸಿಗಂತೂ ಒಂದು ಕೈ ಹೆಚ್ಚೇ.

ಅರ್ಜಿ ಹಾಕುವುದು ಯುಕಾಸ್ ಮೂಲಕ, ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಒಟ್ಟಾಗಿ ಅರ್ಜಿ ತೆಗೆದುಕೊಳ್ಳುವ ಸಂಸ್ಥೆ ಅದು. ಐದು ಆಯ್ಕೆ ಕೊಡಬಹುದು. ಒಂದು ವಿಶ್ವವಿದ್ಯಾಲಯಕ್ಕೆ ಉಳಿದ ನಾಲ್ಕು ಯಾವುವು ಅಂತ ಆ ಹಂತದಲ್ಲಿ ಕಾಣಿಸುವುದಿಲ್ಲ. 2026ರ ಪ್ರವೇಶಕ್ಕೆ ಕೊನೆಯ ದಿನ 2026ರ ಜನವರಿ 14. ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಂಥ ಕನ್ಸರ್ವೇಟರಿಗಳಿಗೆ, ಅಂದರೆ ಸಂಗೀತಕ್ಕೇ ಮೀಸಲಾದ ಕಾಲೇಜುಗಳಿಗೆ, ಬೇರೆ ವ್ಯವಸ್ಥೆ ಇದೆ, ಅದರ ಗಡುವು ಅಕ್ಟೋಬರ್ ಶುರುವಿನಲ್ಲೇ ಮುಗಿಯುತ್ತದೆ. ಅದು ಇವಳಿಗೆ ಬೇಕಿರಲಿಲ್ಲ. ಅರ್ಜಿಯಲ್ಲಿ ತನ್ನ ಬಗ್ಗೆ ತಾನೇ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟ್ ಅನ್ನು 2026ರ ಪ್ರವೇಶದಿಂದ ಮೂರು ಪ್ರಶ್ನೆ ಮಾಡಿದ್ದಾರೆ: ಈ ವಿಷಯ ಯಾಕೆ, ಓದು ನಿನ್ನನ್ನು ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀಯ. ಮೂರಕ್ಕೂ ಸೇರಿ 4,000 ಅಕ್ಷರ, ಒಂದೊಂದಕ್ಕೆ ಕನಿಷ್ಠ 350. ಅವಳ ಮೊದಲ ಕರಡು 'ಸಂಗೀತವೇ ನನ್ನ ಉಸಿರು' ಅಂತ ಶುರುವಾಗಿತ್ತು. ಯಾವುದೋ ಚಾಟ್‌ಬಾಟ್ ಬರೆದುಕೊಟ್ಟದ್ದು, ನೋಡಿದರೇ ಗೊತ್ತಾಗುತ್ತಿತ್ತು. ಯುಕಾಸ್‌ನವರು ಹೋಲಿಕೆ ಪತ್ತೆ ಮಾಡುವ ಸಾಫ್ಟ್‌ವೇರ್ ಇಟ್ಟಿದ್ದಾರೆ ಅನ್ನುವುದು ಒಂದು ಮಾತು. ಅದಕ್ಕಿಂತ ಹೆಚ್ಚಾಗಿ, ಆ ಉಸಿರನ್ನು ಯಾರು ಬೇಕಾದರೂ ಬರೆಯಬಹುದು, ಐದೂವರೆ ಮನೆಯ ಮೋಹನಕ್ಕೆ ಎಫ್ ಮೈನರ್ ಹಾಕಿದ್ದನ್ನು ಇವಳು ಮಾತ್ರ ಬರೆಯಬಹುದು. ಮೊದಲ ಪ್ರಶ್ನೆಗೆ ಅದು, ಮೂರನೆಯದಕ್ಕೆ ಗಣಪತಿ ಮಿಕ್ಸರ್. ಎರಡನೆಯದಕ್ಕೆ ಕಾಮರ್ಸ್ ಇದ್ದೇ ಇದೆ.

ಐದು ಗೆರೆಯ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ, ಸ್ಟಾಫ್ ನೊಟೇಶನ್, ಬರುವುದಿಲ್ಲ ಅನ್ನುವುದು ಅವಳ ದೊಡ್ಡ ಭಯ. ಇಂಥ ಕೋರ್ಸುಗಳಲ್ಲಿ ಎಷ್ಟೋ ಕಡೆ ಅದನ್ನು ಕಡ್ಡಾಯ ಮಾಡುವುದಿಲ್ಲ. ಆದರೂ ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ರೀತಿ. ಕೆಲವರು ಪೋರ್ಟ್‌ಫೋಲಿಯೊ ಕೇಳುತ್ತಾರೆ, ಕೆಲವರು ಸಂದರ್ಶನ, ಕೆಲವರು ಆಡಿಷನ್. ರಾಜ್ಯ ಪಿಯು ಬೋರ್ಡಿನ ಅಂಕವನ್ನು ನೇರವಾಗಿ ಒಪ್ಪುವವರಿದ್ದಾರೆ, ಮೊದಲು ಫೌಂಡೇಶನ್ ವರ್ಷ (ಪದವಿಗೆ ತಯಾರು ಮಾಡುವ ಒಂದು ವರ್ಷದ ಓದು) ಮಾಡಿ ಅನ್ನುವವರೂ ಇದ್ದಾರೆ. ಐದೂ ಕಡೆ ಇಮೇಲ್ ಬರೆದು ಕೇಳಿಸಿದೆ. ಬರುವ ಉತ್ತರವನ್ನು ಜೋಪಾನ ಮಾಡು ಅಂದೆ.

ಇನ್ನು ದುಡ್ಡು. ಇಲ್ಲಿ ನಾನು ಅಪ್ಪನ ಕಡೆ ವಾಲಿದೆ, ಮುಚ್ಚಿಡುವುದೇನಿಲ್ಲ. ವಿದೇಶಿ ವಿದ್ಯಾರ್ಥಿಗೆ ಇಂಥ ಕೋರ್ಸಿನ ಫೀಸು ವರ್ಷಕ್ಕೆ ಸುಮಾರು 15ರಿಂದ 20 ಸಾವಿರ ಪೌಂಡ್. ವೀಸಾಕ್ಕೆ ಖರ್ಚಿನ ದುಡ್ಡು ತೋರಿಸಬೇಕು. 2025ರ ನವೆಂಬರ್‌ನಿಂದ ಲಂಡನ್ನಿನಲ್ಲಾದರೆ ತಿಂಗಳಿಗೆ 1,529 ಪೌಂಡ್, ಹೊರಗಾದರೆ 1,171, ಒಂಬತ್ತು ತಿಂಗಳದ್ದು. ಖಾತೆಯಲ್ಲಿ ಸತತ 28 ದಿನ ಇರಬೇಕು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಹೆಲ್ತ್ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್, ಅದನ್ನು ಇಡೀ ಕೋರ್ಸಿಗೆ ಮೊದಲೇ ಕಟ್ಟಬೇಕು. ಪೌಂಡಿಗೆ 115 ರೂಪಾಯಿ ಹಿಡಿದರೂ ಮೂರು ವರ್ಷಕ್ಕೆ ಒಂದು ಕೋಟಿಯ ಆಸುಪಾಸು. ಅಪ್ಪ ಸೈಟು ಮಾರುವ ಯೋಚನೆಯಲ್ಲಿದ್ದರು. ಅವರ ಲೆಕ್ಕ ಹೀಗಿತ್ತು: 'ಅಲ್ಲಿ ಕನ್ನಡ ಸಂಘಗಳಿವೆ, ವೀಕೆಂಡ್ ಕಾರ್ಯಕ್ರಮ ಕೊಟ್ಟರೆ ಅವಳ ಖರ್ಚು ಅವಳೇ ನೋಡ್ಕೋತಾಳೆ.'

ಆಗಲ್ಲ. ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಬ್ರಿಟನ್ನಿನ ಸ್ಟೂಡೆಂಟ್ ವೀಸಾದಲ್ಲಿ ಪದವಿ ಓದುವವರು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಅಂಗಡಿ, ಹೋಟೆಲ್ ಹೀಗೆ. ಆದರೆ ಸ್ವಂತ ದುಡಿಮೆ ಮಾಡುವಂತಿಲ್ಲ, ಎಂಟರ್‌ಟೇನರ್ ಆಗಿ ಕೆಲಸ ಮಾಡುವಂತಿಲ್ಲ. ಸಂಗೀತ ಓದಲು ಹೋದವಳು ಹಾಡಿ ಸಂಪಾದಿಸುವಂತಿಲ್ಲ, ಕಾಫಿ ಮಾಡಿ ಸಂಪಾದಿಸಬಹುದು! ವಿಚಿತ್ರ ಅನ್ನಿಸಿದರೂ ನಿಯಮ ನಿಯಮವೇ. ಮುರಿದರೆ ವೀಸಾಕ್ಕೇ ಕುತ್ತು. ಆನ್‌ಲೈನಿನಲ್ಲಿ ಬಿಟ್ಟ ಹಾಡಿನಿಂದ ದುಡ್ಡು ಬರುವುದಿದ್ದರೂ ಮೊದಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿ ವಿಭಾಗದಲ್ಲಿ ಕೇಳಿಕೊಳ್ಳುವುದು ಕ್ಷೇಮ. ಓದು ಮುಗಿದ ಮೇಲೆ ಸಿಗುವ ಗ್ರಾಜುಯೇಟ್ ವೀಸಾದಲ್ಲಿ ಸ್ವಂತ ದುಡಿಮೆ ಮಾಡಬಹುದು. ಆದರೆ 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ ಅದರ ಅವಧಿ 2 ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ. ಇವಳು ಆ ಸಾಲಿಗೇ ಬರುತ್ತಾಳೆ.

ಹಾಗಾಗಿ ಹೇಳಿದೆ, ಸೈಟು ಮಾರಬೇಡಿ. ಈ ಓದಿಗೆ ಹಾಕುವ ದುಡ್ಡು ಇಷ್ಟು ವರ್ಷದಲ್ಲಿ ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿ ಸಾಲ ಮಾಡುವುದಾದರೆ ಬೇಡವೇ ಬೇಡ. ಬರದಿದ್ದರೂ ಮನೆ ನಡೆಯುತ್ತೆ ಅನ್ನುವಷ್ಟು ದುಡ್ಡಿದ್ದರೆ ಕಳಿಸಿ. ಇಲ್ಲೂ ದಾರಿ ಇದೆ. ಚೆನ್ನೈನಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಶುರು ಮಾಡಿದ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಇದೆ. ಅಲ್ಲಿಗೂ ಒಂದು ಅರ್ಜಿ ಇರಲಿ. ಬಿಕಾಂ ಬಿಡುವುದು ಬೇಡ, ಸೆಮಿಸ್ಟರ್ ಪರೀಕ್ಷೆ ಬರೆಯುತ್ತಿರಲಿ.

ಹುಡುಗಿ ನನ್ನ ಮೇಲೆ ಮುನಿಸಿಕೊಂಡಳು. ನೀವು ನನ್ನ ಕಡೆ ಇದ್ದೀರಿ ಅಂದುಕೊಂಡಿದ್ದೆ ಅಂದಳು. ಅರ್ಜಿಯ ವಿಷಯದಲ್ಲಿ ನಿನ್ನ ಕಡೆ, ಸೈಟಿನ ವಿಷಯದಲ್ಲಿ ಅಪ್ಪನ ಕಡೆ ಅಂದೆ.

ಡಿಸೆಂಬರಿನಲ್ಲೇ ಅರ್ಜಿ ಹೋಯಿತು. ಒಂದು ಕಡೆ ಇಲ್ಲ ಅಂದರು. ಒಂದು ಕಡೆ ಫೌಂಡೇಶನ್ ವರ್ಷ ಮಾಡಿ ಅಂದರು, ಅದನ್ನು ಅವಳೇ ಕೈಬಿಟ್ಟಳು. ಲಂಡನ್ನಿನ ಹೊರಗಿನ ಒಂದು ವಿಶ್ವವಿದ್ಯಾಲಯ ಆನ್‌ಲೈನ್ ಸಂದರ್ಶನ ಮಾಡಿ ಸೀಟು ಕೊಟ್ಟಿದೆ. ಸಂದರ್ಶನದಲ್ಲಿ ಕೇಳಿದ್ದು ಹೆಚ್ಚಾಗಿ ಮೋಹನದ ಹಾಡಿನ ಬಗ್ಗೆಯೇ ಅಂತೆ, ಆ ಹಾಡನ್ನು ಯಾರಿಗೆ ತಲುಪಿಸ್ತೀಯ, ಹೇಗೆ ಅಂತ. ಡೆಪಾಸಿಟ್ ಇನ್ನೂ ಕಟ್ಟಿಲ್ಲ. ವೀಸಾ ಸಿಗದಿದ್ದರೆ ಎಷ್ಟು ವಾಪಸ್ ಬರುತ್ತೆ, ಮನಸ್ಸು ಬದಲಾದರೆ ಎಷ್ಟು, ಇವೆರಡನ್ನೂ ಬರಹದಲ್ಲಿ ತರಿಸಿಕೊಳ್ಳಿ ಅಂದಿದ್ದೇನೆ. ಸ್ಕಾಲರ್‌ಶಿಪ್ ಕೇಳಿ ಇಮೇಲ್ ಹೋಗಿದೆ. ಅದರಲ್ಲಿ ಬರುವ ಮೊತ್ತ ನೋಡಿಕೊಂಡು ಈ ವರ್ಷವೋ, ಇಲ್ಲ ಪ್ರವೇಶ ಒಂದು ವರ್ಷ ಮುಂದೂಡಲು ಕೇಳುವುದೋ ಅಂತ ಅಪ್ಪ-ಮಗಳು ತೀರ್ಮಾನ ಮಾಡುತ್ತಾರೆ.